‘ಹೌದು’ ಅಂದವರು ಯಾರು?

ಪ್ರಶ್ನೆ: ಸರ್, ನಮ್ಮ ಕ್ಷೇತ್ರದ ಹಿಂದಿನ ಶಾಸಕರು ಮತ್ತೆ ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದಾರೆ. ವಾಟ್ಸಾಪಿನಲ್ಲಿ ಒಂದು ಕರಪತ್ರ ಓಡಾಡುತ್ತಿದೆ. ‘ಸದನದಲ್ಲಿ 11 ಸಲ ರೈತರ ವಿರುದ್ಧ ಮತ ಹಾಕಿದವರು’ ಅಂತ ಅದರಲ್ಲಿದೆ. 2020ರ ಭೂಸುಧಾರಣೆ ತಿದ್ದುಪಡಿಯನ್ನೂ ಸೇರಿಸಿದ್ದಾರೆ. ನಮ್ಮ ಯಜಮಾನರು ಅದನ್ನು ಪೂರ್ತಿ ನಂಬಿದ್ದಾರೆ. ಮೈದುನ ಮಾತ್ರ ‘ಅವರು ಆವತ್ತು ಇಲ್ಲ ಅಂದಿದ್ದರು, ನಂಗೊತ್ತು’ ಅಂತಾನೆ. ಊಟಕ್ಕೆ ಕೂತಾಗಲೆಲ್ಲ ಇದೇ ಮಾತು. ಹೋದ ಭಾನುವಾರ ಮೈದುನ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದು ಹೋದ. ಯಾರು ಹೇಳುವುದು ನಿಜ ಅಂತ ನೋಡಲು ದಾಖಲೆ ಎಲ್ಲಿ ಸಿಗುತ್ತದೆ?
– ಗೃಹಿಣಿ, ತುಮಕೂರು ಜಿಲ್ಲೆ

ಉತ್ತರ: ತಾಯಿ, ನೇರವಾಗಿ ಹೇಳುತ್ತೇನೆ. ನಿಮ್ಮ ಯಜಮಾನರ ಹತ್ತಿರವೂ ಪುರಾವೆ ಇಲ್ಲ, ಮೈದುನನ ಹತ್ತಿರವೂ ಇಲ್ಲ. ತಪ್ಪು ಅವರಿಬ್ಬರದ್ದಲ್ಲ. ಅವರು ಹುಡುಕುತ್ತಿರುವ ದಾಖಲೆ ಹೆಚ್ಚಿನ ಸಲ ಹುಟ್ಟುವುದೇ ಇಲ್ಲ.

ನಾನು ಇಪ್ಪತ್ತೆಂಟು ವರ್ಷ ವಿಧಾನಸಭೆಯಲ್ಲಿ ವರದಿಗಾರನಾಗಿದ್ದೆ. ಪತ್ರಿಕೆಯ ವರದಿಗಾರ ಅಲ್ಲ. ಸಭಾಧ್ಯಕ್ಷರ ಪೀಠದ ಮುಂದಿನ ಮೇಜಿನಲ್ಲಿ ಕೂತು, ಸದಸ್ಯರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವವನು. ಸರದಿಯ ಮೇಲೆ ಕೆಲವು ನಿಮಿಷ ಬರೆಯಬೇಕು, ಎದ್ದು ಹೋಗಿ ಅದನ್ನು ಬೆರಳಚ್ಚಿಗೆ ಕೊಡಬೇಕು. ಅಷ್ಟರಲ್ಲಿ ಮುಂದಿನವನು ಪೆನ್ಸಿಲ್ ಚೂಪು ಮಾಡಿಕೊಂಡು ಪಕ್ಕಕ್ಕೆ ಬಂದು ಕೂತಿರುತ್ತಿದ್ದ.

ಒಂದು ವಿಧೇಯಕ ಪಾಸಾಗುವ ಹೊತ್ತು ಹೇಗಿರುತ್ತದೆ ಗೊತ್ತಾ? ಚರ್ಚೆ ಮುಗಿಯುತ್ತದೆ. ಸಭಾಧ್ಯಕ್ಷರು ಪ್ರಸ್ತಾವವನ್ನು ಓದಿ, ಪರವಾಗಿರುವವರು ‘ಹೌದು’ ಎನ್ನಿ ಅನ್ನುತ್ತಾರೆ. ಒಂದು ಕಡೆಯಿಂದ ಹೌದು ಅಂತ ಕೂಗು ಬರುತ್ತದೆ. ವಿರೋಧವಾಗಿರುವವರು ‘ಇಲ್ಲ’ ಎನ್ನಿ ಅನ್ನುತ್ತಾರೆ. ಇನ್ನೊಂದು ಕಡೆಯಿಂದ ಇಲ್ಲ ಅಂತ ಕೂಗು. ಹೌದು ಎಂದವರೇ ಹೆಚ್ಚು ಅಂತ ಸಭಾಧ್ಯಕ್ಷರಿಗೆ ಅನಿಸಿದರೆ ಮುಗಿಯಿತು. ನಾವು ಬರೆಯುತ್ತಿದ್ದದ್ದು ಒಂದೇ ಸಾಲು: ಪ್ರಸ್ತಾವವನ್ನು ಮತಕ್ಕೆ ಹಾಕಲಾಯಿತು, ಅಂಗೀಕಾರವಾಯಿತು. ಇದಕ್ಕೇ ಧ್ವನಿಮತ ಅನ್ನುವುದು. ಅಲ್ಲಿ ಯಾರ ಹೆಸರೂ ಇರುವುದಿಲ್ಲ. ಎಷ್ಟು ಜನ ಅಂತಲೂ ಇರುವುದಿಲ್ಲ.

ಒಂದು ರಾತ್ರಿ ಇನ್ನೂ ನೆನಪಿದೆ. ಗಂಟೆ ಒಂಬತ್ತು ದಾಟಿತ್ತು. ಒಂದು ವಿಧೇಯಕ ಗದ್ದಲದಲ್ಲೇ ಪಾಸಾಯಿತು. ಆಳುವ ಪಕ್ಷದ ಹಿರಿಯ ಸದಸ್ಯರೊಬ್ಬರು ಹೊರಗೆ ಹೋಗುವಾಗ ನಮ್ಮ ಮೇಜಿನ ಹತ್ತಿರ ಬಗ್ಗಿದರು. ಅವರ ಊರಿನ ಕೆರೆ ಅಂಗಳಕ್ಕೆ ಆ ವಿಧೇಯಕದಿಂದ ತೊಂದರೆ ಇತ್ತು. ‘ಬರ್ಕೊಳ್ಳಪ್ಪಾ, ನಾನು ಇಲ್ಲ ಅಂದೆ’ ಅಂದರು. ಅವರ ಬಾಯಿ ಅಲ್ಲಾಡಿದ್ದನ್ನು ನಾನು ನೋಡಿದ್ದೆ. ಆದರೆ ಬರೆಯುವ ಹಾಗಿರಲಿಲ್ಲ. ಎರಡು ದಿನ ಬಿಟ್ಟು ನಮ್ಮ ಕೋಣೆಗೇ ಬಂದು ಬೆರಳಚ್ಚಾದ ಹಾಳೆ ಕೇಳಿ ನೋಡಿದರು. ಆ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಂತರು. ಏನೂ ಮಾತಾಡದೆ ಹೋದರು. ಅವರ ಕ್ಷೇತ್ರದ ಜನಕ್ಕೆ ಆ ‘ಇಲ್ಲ’ ಇವತ್ತಿಗೂ ಗೊತ್ತಿಲ್ಲ.

ಎಣಿಕೆಗೆ ದಾರಿ ಇದೆ. ಸದಸ್ಯರು ಮತ ವಿಭಜನೆ ಕೇಳಬಹುದು. ಆಗ ಗಂಟೆ ಹೊಡೆಯುತ್ತದೆ, ಬಾಗಿಲು ಹಾಕುತ್ತಾರೆ. ನಮ್ಮ ಸದನದಲ್ಲಿ ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸುತ್ತಾರೆ. 2010ರ ಅಕ್ಟೋಬರಿನಲ್ಲಿ ಎರಡೂ ಬಗೆಯನ್ನು ಮೂರು ದಿನದ ಅಂತರದಲ್ಲಿ ನೋಡಿದೆವು. ಯಡಿಯೂರಪ್ಪನವರ ಸರ್ಕಾರ ವಿಶ್ವಾಸಮತ ಕೇಳಿತ್ತು. ಅದಕ್ಕೆ ಮೊದಲೇ 16 ಶಾಸಕರು ಅನರ್ಹರಾಗಿದ್ದರು. 11ರಂದು ಭಾರೀ ಗಲಾಟೆಯ ನಡುವೆ ಧ್ವನಿಮತದಲ್ಲಿ ವಿಶ್ವಾಸಮತ ಗೆದ್ದಿತು. ವಿರೋಧ ಪಕ್ಷದವರು ಒಪ್ಪಲಿಲ್ಲ. ರಾಜ್ಯಪಾಲ ಹಂಸರಾಜ್ ಭಾರದ್ವಾಜ್ ಇನ್ನೊಮ್ಮೆ ಸಾಬೀತು ಮಾಡಿ ಅಂದರು. 14ರಂದು ಎಣಿಸಿದರು. ಪರವಾಗಿ 106, ವಿರೋಧವಾಗಿ 100. ಗೆದ್ದದ್ದು ಅದೇ ಸರ್ಕಾರವೇ. ಆದರೆ ಎರಡನೆಯ ಸಲ ಬಂದಿದ್ದು ಲೆಕ್ಕ. ಮೊದಲನೆಯ ಸಲ ಬಂದಿದ್ದು ಬರೀ ಸದ್ದು.

ಈಗ ನಿಮ್ಮ ಮನೆಯ ಜಗಳಕ್ಕೆ ಬರುತ್ತೇನೆ. 2020ರ ತಿದ್ದುಪಡಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿತು. ಅದಕ್ಕೆ ಮುಂಚೆ ಬೇಸಾಯ ಮಾಡದವರು ಸುಲಭವಾಗಿ ಜಮೀನು ಕೊಳ್ಳುವ ಹಾಗಿರಲಿಲ್ಲ. ಬೇರೆ ಕಡೆಯಿಂದ ವರ್ಷಕ್ಕೆ 25 ಲಕ್ಷಕ್ಕಿಂತ ಜಾಸ್ತಿ ಆದಾಯ ಇದ್ದವರಿಗೂ ತಡೆ ಇತ್ತು. ಆ ಎರಡೂ ತಡೆ ಹೋಯಿತು. ನಿಮ್ಮಂಥ ಬೇಸಾಯದ ಮನೆಗಳಲ್ಲಿ ಇದು ಊಟದ ಹೊತ್ತಿನ ಮಾತಾಗುವುದು ಸಹಜವೇ.

ಆ ವಿಧೇಯಕ ವಿಧಾನಸಭೆಯಲ್ಲಿ ಸೆಪ್ಟೆಂಬರಿನಲ್ಲಿ ಧ್ವನಿಮತದಿಂದ ಪಾಸಾಯಿತು. ವಿಧಾನ ಪರಿಷತ್ತಿನಲ್ಲಿ ಡಿಸೆಂಬರ್ 8ರಂದು ಮಾತ್ರ ಲೆಕ್ಕ ಸಿಕ್ಕಿತು. ಪರವಾಗಿ 37, ವಿರೋಧವಾಗಿ 21. ಆವತ್ತು ಆಳುವ ಬಿಜೆಪಿಗೆ ಅಲ್ಲಿ ಸ್ವಂತ ಬಹುಮತ ಇರಲಿಲ್ಲ, ಜೆಡಿಎಸ್ ಕೈ ಹಿಡಿಯಿತು. ಪರಿಷತ್ತಿನ ಸದಸ್ಯರೊಬ್ಬರನ್ನು ನಿಲ್ಲಿಸಿ ‘ನೀವು 37ರಲ್ಲಿದ್ದಿರೋ 21ರಲ್ಲೋ?’ ಅಂತ ಕೇಳಿದರೆ ಆ ಪ್ರಶ್ನೆಗೆ ಅರ್ಥ ಇದೆ. ನಿಮ್ಮವರು ಇದ್ದದ್ದು ವಿಧಾನಸಭೆಯಲ್ಲಿ. ಅವರ ಹೆಸರಿನ ಮುಂದೆ ಹೌದು ಅಥವಾ ಇಲ್ಲ ಅಂತ ಬರೆದ ಹಾಳೆ ಆ ವಿಧೇಯಕಕ್ಕೆ ಇಲ್ಲ.

ಹಾಗಾದರೆ 11 ಎಲ್ಲಿಂದ ಬಂತು? ಕರಪತ್ರ ಮಾಡಿದವರನ್ನೇ ಕೇಳಬೇಕು. ಯಾವ ವಿಧೇಯಕ, ಯಾವ ದಿನಾಂಕ, ಎಣಿಕೆ ಆಯಿತಾ ಇಲ್ಲವಾ ಅಂತ ಒಂದೊಂದಾಗಿ ಕೇಳಿ. ಒಂದೇ ವಿಧೇಯಕಕ್ಕೆ ಹಲವು ಸಲ ಮತ ಕೇಳುತ್ತಾರೆ ಅನ್ನುವುದೂ ನೆನಪಿರಲಿ. ಮೊದಲು ಪರ್ಯಾಲೋಚನೆಗೆ, ಅಂದರೆ ಚರ್ಚೆಗೆ ತೆಗೆದುಕೊಳ್ಳುವುದಕ್ಕೆ, ಆಮೇಲೆ ವಿಧೇಯಕದ ಒಂದೊಂದು ಖಂಡಕ್ಕೆ, ತಿದ್ದುಪಡಿ ಬಂದಿದ್ದರೆ ಅದಕ್ಕೆ, ಕೊನೆಗೆ ಇಡೀ ವಿಧೇಯಕಕ್ಕೆ. ಇವನ್ನೆಲ್ಲ ಬಿಡಿ ಬಿಡಿಯಾಗಿ ಎಣಿಸಿದರೆ ಒಂದೇ ಸಂಜೆಯಲ್ಲಿ 11 ಆಗಿಬಿಡುತ್ತದೆ. ಇನ್ನೊಂದು ಕಡೆಯವರು ಕೊಟ್ಟ ಒಂದು ತಿದ್ದುಪಡಿಗೆ ಇಲ್ಲ ಅಂದವನು ಮೂಲ ವಿಧೇಯಕಕ್ಕೆ ವಿರೋಧಿ ಅಂತ ಆಗುವುದಿಲ್ಲ.

ಮೈದುನನಿಗೂ ಒಂದು ಮಾತು. ದಾಖಲೆ ಇಲ್ಲ ಅಂದ ಮಾತ್ರಕ್ಕೆ ಶಾಸಕರು ಪಾರಾದರು ಅಂತ ಅಲ್ಲ. ಮತ ಕಾಣದಿದ್ದರೂ ಮಾತು ಕಾಣುತ್ತದೆ. ಆ ದಿನದ ಚರ್ಚೆಯಲ್ಲಿ ಅವರು ಎದ್ದು ನಿಂತರಾ? ಏನು ಅಂದರು? ತಿದ್ದುಪಡಿಗೆ ಸೂಚನೆ ಕೊಟ್ಟಿದ್ದರಾ? ಆಡಿದ್ದರೆ ಒಂದೊಂದು ಪದವೂ ನಡವಳಿಯಲ್ಲಿ, ಅಂದರೆ ಸದನದ ಮಾತಿನ ದಾಖಲೆಯಲ್ಲಿ ಇದೆ. ನನ್ನಂಥವರು ಕೂತು ಬರೆದಿದ್ದಾರೆ. ವಿರೋಧಿಸಿದೆ ಅನ್ನುವವರು ಅಲ್ಲಿ ಒಂದು ಸಾಲನ್ನಾದರೂ ತೋರಿಸಲಿ.

ಪ್ರಶ್ನೆ: ನಮ್ಮ ಶಾಸಕರು ಮುಖ್ಯ ಮತದಾನದ ದಿನ ಸದನಕ್ಕೇ ಹೋಗಿರಲಿಲ್ಲ. ‘ನಾನು ಯಾರ ಪರವೂ ಅಲ್ಲ, ವಿರೋಧವೂ ಅಲ್ಲ’ ಅಂತಾರೆ. ಇದನ್ನು ಒಪ್ಪಬಹುದಾ?
– ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ಒಪ್ಪಬೇಡಿ. 2019ರ ಜುಲೈ 23ನ್ನು ನೆನಪು ಮಾಡಿಕೊಳ್ಳಿ. ಕುಮಾರಸ್ವಾಮಿಯವರ ಸರ್ಕಾರದ ವಿಶ್ವಾಸಮತ. ನಾನು ಅಷ್ಟರಲ್ಲಿ ನಿವೃತ್ತನಾಗಿದ್ದೆ, ಮನೆಯಲ್ಲಿ ಟಿ.ವಿ. ಮುಂದೆ ಕೂತಿದ್ದೆ. ಸಾಲು ಸಾಲಾಗಿ ಎಣಿಸಿದರು. ಪರವಾಗಿ 99, ವಿರೋಧವಾಗಿ 105. ಬಾರದೇ ಇದ್ದವರು 20 ಜನ. ಸರ್ಕಾರ ಬಿದ್ದಿದ್ದು ಆ ಖಾಲಿ ಕುರ್ಚಿಗಳಿಂದ. ಬಂದಿರದೇ ಇದ್ದದ್ದೇ ಅವರ ಮತವಾಯಿತು.

ಕೊಳ್ಳೇಗಾಲದ ಎನ್. ಮಹೇಶ್ ಆಗ ಬಿಎಸ್‌ಪಿಯ ಒಬ್ಬರೇ ಶಾಸಕರು. ಸರ್ಕಾರದ ಪರ ಮತ ಹಾಕಿ ಅಂತ ಮಾಯಾವತಿ ಹೇಳಿದ್ದರು. ಅವರು ಸದನಕ್ಕೆ ಬರಲಿಲ್ಲ. ಅವತ್ತೇ ಪಕ್ಷದಿಂದ ಹೊರಗೆ ಹಾಕಿದರು. ದೂರ ಉಳಿದವರಲ್ಲಿ 17 ಶಾಸಕರನ್ನು ಸಭಾಧ್ಯಕ್ಷ ರಮೇಶ್ ಕುಮಾರ್ ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ಉಪಚುನಾವಣೆಗೆ ನಿಲ್ಲಬಹುದು ಅಂದಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಚುನಾವಣೆ ಆಯಿತು, 12ರಲ್ಲಿ ಬಿಜೆಪಿ ಗೆದ್ದಿತು. ಅಂದರೆ ಆ ಗೈರುಹಾಜರಿಯನ್ನು ಮುಂದಿಟ್ಟುಕೊಂಡೇ ಜನ ಮತ ಹಾಕಿದರು. ಸರಿಯೋ ತಪ್ಪೋ, ಅದು ಜನರ ತೀರ್ಮಾನ. ಕೊನೇಪಕ್ಷ ಅಲ್ಲಿ ಎಲ್ಲರಿಗೂ ವಿಷಯ ಗೊತ್ತಿತ್ತು.

ಇನ್ನು ವಿಪ್ ವಿಚಾರ. ವಿಪ್ ಅಂದರೆ ಹೀಗೇ ಮತ ಹಾಕಿ ಅಂತ ಪಕ್ಷ ತನ್ನ ಸದಸ್ಯರಿಗೆ ಕೊಡುವ ಆದೇಶ. 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಪಕ್ಷದ ವಿಪ್ ಮೀರಿ ಮತ ಹಾಕಿದರೂ ಅಷ್ಟೇ, ಮತ ಹಾಕದೆ ದೂರ ಉಳಿದರೂ ಅಷ್ಟೇ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವ ಹೋಗಬಹುದು. ಈ ಕಾನೂನು ಬಂದ ಮೇಲೆ ಶಾಸಕರ ಮತ ಅನ್ನುವುದು ಬಹಳಷ್ಟು ಸಲ ಪಕ್ಷದ ಮತವೇ. ನನಗೆ ಇದು ತುಂಬಾ ನೋವಿನ ವಿಷಯ. ಸರ್ಕಾರ ಉಳಿಯುವ ಬೀಳುವ ಮತಕ್ಕೆ ವಿಪ್ ಇರಲಿ, ಬಜೆಟ್ಟಿಗೂ ಇರಲಿ. ಕೆರೆ, ಜಮೀನು, ಶಾಲೆಯಂಥ ವಿಷಯಕ್ಕೂ ಯಾಕೆ? ನಮ್ಮ ಮೇಜಿಗೆ ಬಗ್ಗಿದ ಆ ಹಿರಿಯರು ಮತ ವಿಭಜನೆ ಕೇಳಲಿಲ್ಲ. ಕೇಳಿದ್ದರೆ ಸ್ವಂತ ಪಕ್ಷದ ವಿಪ್ ಎದುರಿಗೆ ನಿಲ್ಲಬೇಕಿತ್ತು.

ಪ್ರಶ್ನೆ: ಸಂಸದರ ವಿಷಯ ಹೇಗೆ? ದೆಹಲಿಯಲ್ಲಿ ಬಟನ್ ಒತ್ತುತ್ತಾರಲ್ಲ, ಅದರಲ್ಲಿ ಹೆಸರು ಸಿಗುವುದಿಲ್ಲವೇ? ನಮ್ಮ ಸಂಸದರ ಹಾಜರಿ ಸೊನ್ನೆ ಅಂತ ಒಂದು ಪಟ್ಟಿಯೂ ಬಂದಿದೆ.
– ಡಿಗ್ರಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಿಗುತ್ತದಮ್ಮಾ, ಬಟನ್ ಒತ್ತಿದ ದಿನ ಸಿಗುತ್ತದೆ. ಹಸಿರು ಹೌದು, ಕೆಂಪು ಇಲ್ಲ, ಹಳದಿ ತಟಸ್ಥ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಎಣಿಸಲೇಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ವಿಧೇಯಕಕ್ಕೆ ಲೋಕಸಭೆಯಲ್ಲಿ 454 ಮತ ಪರ, 2 ವಿರೋಧ. ಹಾಗಂತ ಆ 454ರಲ್ಲಿ ಒಬ್ಬರಾಗಿದ್ದನ್ನು ಯಾರಾದರೂ ದೊಡ್ಡ ಸಾಧನೆ ಅಂತ ಭಾಷಣದಲ್ಲಿ ಹೇಳಿದರೆ, ಎದುರಾಳಿ ಪಕ್ಷದವರೂ ಅಲ್ಲೇ ಇದ್ದರು ಅನ್ನುವುದು ನೆನಪಿರಲಿ. ಗುಣ ಗೊತ್ತಾಗುವುದು ಹತ್ತಿರದ ಎಣಿಕೆಯಲ್ಲಿ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269ಕ್ಕೆ 270ರಲ್ಲಿ, ಒಂದೇ ಮತದಲ್ಲಿ ಬಿತ್ತು. ನ್ಯಾಷನಲ್ ಕಾನ್ಫರೆನ್ಸ್ ಪಕ್ಷದ ಸಂಸದ ಸೈಫುದ್ದೀನ್ ಸೋಜ್ ಆವತ್ತು ತಮ್ಮ ಪಕ್ಷ ಹೇಳಿದ್ದಕ್ಕೆ ಉಲ್ಟಾ ಮತ ಹಾಕಿದರು, ಪಕ್ಷದಿಂದ ಹೊರಬಿದ್ದರು. ಅವರು ಮಾಡಿದ್ದು ಇಷ್ಟ ಆಗಲಿ ಬಿಡಲಿ, ಯಾರು ಏನು ಮಾಡಿದರು ಅಂತ ದೇಶಕ್ಕೇ ಗೊತ್ತಾಯಿತು.

ಅದೇ ಸಂಸತ್ತಿನಲ್ಲಿ ಧ್ವನಿಮತವೂ ಇದೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ವಿಧೇಯಕಗಳು ಬಂದವು. ವಿರೋಧ ಪಕ್ಷದವರು ಮತ ವಿಭಜನೆ ಕೇಳಿದರು. ಗದ್ದಲದಲ್ಲೇ ಧ್ವನಿಮತದಿಂದ ಪಾಸಾಯಿತು. ಮಾರನೆಯ ದಿನ 8 ಸದಸ್ಯರು ಅಮಾನತಾದರು, ಅವರಲ್ಲಿ ನಮ್ಮ ರಾಜ್ಯದ ಸೈಯದ್ ನಾಸಿರ್ ಹುಸೇನ್ ಒಬ್ಬರು. ಕೃಷಿ ಕಾಯ್ದೆಗಳನ್ನು ವಾಪಸ್ ತೆಗೆದುಕೊಂಡದ್ದು 2021ರ ನವೆಂಬರ್ 29ರಂದು. ಅದೂ ಚರ್ಚೆ ಇಲ್ಲದೆ, ಧ್ವನಿಮತದಲ್ಲೇ. ಸುಮಾರು ಒಂದು ವರ್ಷ ರೈತರು ದೆಹಲಿಯ ಗಡಿಯಲ್ಲಿ ಚಳಿ ಮಳೆಗೆ ಕೂತ ವಿಷಯ ಅದು. ಬಂದಾಗಲೂ ಹೋದಾಗಲೂ ಯಾರ ಹೆಸರೂ ದಾಖಲಾಗಲಿಲ್ಲ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಹಾಜರಿ ಪಟ್ಟಿಯನ್ನು ನಂಬುವ ಮುಂಚೆ, ನಿಮ್ಮ ಸಂಸದರು ಆಗ ಮಂತ್ರಿಯಾಗಿದ್ದರಾ ನೋಡಿ. ಮಂತ್ರಿಗಳು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ. ಪ್ರಶ್ನೆಯನ್ನೂ ಕೇಳುವುದಿಲ್ಲ, ಉತ್ತರ ಕೊಡುವವರೇ ಅವರು. ಮಂತ್ರಿಗೆ ಸೊನ್ನೆ ತೋರಿಸಿ ಕಳ್ಳಬಿದ್ದರು ಅನ್ನುವುದು ಅನ್ಯಾಯ. ಮಂತ್ರಿಯಾಗಿರದಿದ್ದರೆ ಸೊನ್ನೆ ಸೊನ್ನೆಯೇ, ಧಾರಾಳವಾಗಿ ಕೇಳಿ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು ಸೇರಿ ನಮ್ಮ ಶಾಸಕರು ಐದು ವರ್ಷ ಸದನದಲ್ಲಿ ಏನು ಮಾಡಿದರು ಅಂತ ಒಂದು ಪಟ್ಟಿ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡಲಿ?
– ಕಿರಾಣಿ ಅಂಗಡಿ ಮಾಲೀಕರು, ಚಿತ್ರದುರ್ಗ

ಉತ್ತರ: ನಿಮ್ಮ ಕಾಗದ ಓದಿ ತುಂಬಾ ಖುಷಿಯಾಯಿತು. ವಿಧಾನಸಭೆಯ ಜಾಲತಾಣದಲ್ಲಿ ಕಾರ್ಯಕಲಾಪಗಳ ನಡವಳಿ ಇದೆ, ಹೆಚ್ಚಿನದು ಕನ್ನಡದಲ್ಲೇ. ಮೊದಲು ಚುಕ್ಕೆ ಗುರುತಿನ ಪ್ರಶ್ನೆಗಳು (ಸದನದಲ್ಲೇ ಬಾಯಿಮಾತಿನ ಉತ್ತರ ಕೊಡುವಂಥವು), ಆಮೇಲೆ ಚುಕ್ಕೆ ಗುರುತಿಲ್ಲದವು (ಬರೆದ ಉತ್ತರ ಕೊಡುವಂಥವು), ಗಮನ ಸೆಳೆಯುವ ಸೂಚನೆಗಳು, ಶೂನ್ಯ ವೇಳೆಯ ಮಾತು. ನಿಮ್ಮ ತಾಲ್ಲೂಕಿನ ಹೆಸರು ಎಷ್ಟು ಸಲ ಬಂದಿದೆ ಅನ್ನುವುದಕ್ಕಿಂತ ಏನು ಕೇಳಿದರು ಅಂತ ನೋಡಿ. ಒಂದೇ ಪ್ರಶ್ನೆಯನ್ನು ಪ್ರತಿ ಅಧಿವೇಶನದಲ್ಲೂ ಕೇಳಿದವರಿದ್ದಾರೆ, ಉತ್ತರ ಸಿಗುವವರೆಗೂ ಬಿಡದೆ ಹಿಂದೆ ಬಿದ್ದವರೂ ಇದ್ದಾರೆ. ವಿಧೇಯಕದ ಚರ್ಚೆ ಬೇಕಾದರೆ ಅಧಿವೇಶನದ ದಿನಾಂಕವನ್ನು ಹಳೆಯ ಪೇಪರಿನಿಂದ ಮೊದಲೇ ಬರೆದಿಟ್ಟುಕೊಳ್ಳಿ. ದಿನಾಂಕ ಇಲ್ಲದೆ ಹುಡುಕಿದರೆ ಅಷ್ಟು ದೊಡ್ಡ ಸಂಪುಟಗಳಲ್ಲಿ ಒಂದು ವಾರ ಸುಮ್ನೆ ಹೋಗುತ್ತದೆ. ಪಟ್ಟಿ ಮುಗಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ತಪ್ಪಿದ್ದರೆ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.