ಅತಿ ದೊಡ್ಡ ಮರುಭೂಮಿ: ಸಹಾರಾನಾ, ಅಂಟಾರ್ಕ್ಟಿಕಾನಾ?
ಕ್ವಿಜ್‌ನಲ್ಲಿ ‘ಜಗತ್ತಿನ ಅತಿ ದೊಡ್ಡ ಮರುಭೂಮಿ ಯಾವುದು’ ಅಂತ ಮಾತ್ರ ಕೇಳಿದ್ದರು ಅಂದಿರಲ್ಲ, ಹಾಗಿದ್ದರೆ ನಿಮ್ಮ ತಂಡ ಬರೆದ ಅಂಟಾರ್ಕ್ಟಿಕಾ ಸರಿಯೇ. ಅಂಕ ಸಿಗಬೇಕಿತ್ತು. ಮರುಭೂಮಿ ಅಂದ ಕೂಡಲೇ ಮರಳು, ಬಿಸಿಲು ನೆನಪಾಗುತ್ತದೆ. ಆದರೆ ಲೆಕ್ಕ ಹಾಕುವುದು ಮಳೆಯಿಂದ: ವರ್ಷಕ್ಕೆ ಸುಮಾರು 250 ಮಿಲಿಮೀಟರ್‌ಗಿಂತ ಕಡಿಮೆ. ಹಿಮ ಬಿದ್ದರೆ ಅದನ್ನೂ ನೀರಿನ ಲೆಕ್ಕದಲ್ಲೇ ಅಳೆಯುತ್ತಾರೆ. ಅಂಟಾರ್ಕ್ಟಿಕಾದ ಒಳಭಾಗದಲ್ಲಿ ಬೀಳುವುದು ಅದಕ್ಕಿಂತ ಎಷ್ಟೋ ಕಡಿಮೆ. ಅದರ ವಿಸ್ತೀರ್ಣ ಸುಮಾರು 1.4 ಕೋಟಿ ಚದರ ಕಿ.ಮೀ., ಸಹಾರಾದ್ದು ಸುಮಾರು 92 ಲಕ್ಷ.

ಸಹಾರಾ ಉತ್ತರ ಬೇಕಿದ್ದರೆ ‘ಬಿಸಿ ಮರುಭೂಮಿ’ ಅಂತ ಕೇಳಬೇಕಿತ್ತು. ಆ ಒಂದು ಪದ ಇದ್ದಿದ್ದರೆ ತಕರಾರೇ ಇರುತ್ತಿರಲಿಲ್ಲ, ಅಲ್ವಾ? ಪರ್ವತದ ಪ್ರಶ್ನೆಯೂ ಹೀಗೇ. ಸಮುದ್ರ ಮಟ್ಟದಿಂದ ಎವರೆಸ್ಟ್ ಎತ್ತರ, ಬುಡದಿಂದ ಅಳೆದರೆ ಹವಾಯಿಯ ಮೌನಾ ಕೆಯಾ.