ಮುತ್ತಿನ ಬಣ್ಣವೂ ಎಣ್ಣೆಯ ಬಣ್ಣವೂ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಅಚ್ಚಾದ, ಕುವೈತಿನ ಕಲಾವಿದೆ ಮೊನೀರಾ ಅಲ್ ಖಾದಿರಿ ಅವರ ಶಿಲ್ಪದ ಚಿತ್ರ ಕುರಿತು ತಾವು ಬರೆದ ಪತ್ರ ತಲುಪಿದೆ. ಎಣ್ಣೆಬಾವಿ ಕೊರೆಯುವ ಯಂತ್ರದ ತುದಿಯಲ್ಲಿರುವ ‘ಬಿಟ್’ಗೆ ಬಣ್ಣ ಬಳಿದರೆ ಕಲೆಯಾದೀತೆ, ದೇಶದೇಶಗಳ ಸಾಂಸ್ಕೃತಿಕ ನಂಟು ಹಾಡು, ಸಾಹಿತ್ಯಗಳಿಂದ ಬೆಳೆಯುವುದಲ್ಲದೆ ಪೀಪಾಯಿಗಳ ಲೆಕ್ಕದಿಂದ ಬೆಳೆಯುವುದುಂಟೆ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಈ ಕಲಾವಿದೆಯ ಅಜ್ಜ ಮುತ್ತು ತೆಗೆಯುವ ಹಡಗಿನಲ್ಲಿ ಹಾಡುಗಾರರಾಗಿದ್ದರು. ಹುಟ್ಟು ಹಾಕುವುದಕ್ಕೆ, ಹಾಯಿ ಏರಿಸುವುದಕ್ಕೆ ಬೇರೆಬೇರೆ ಹಾಡುಗಳಿದ್ದವು. ಅವನ್ನು ಹಾಡುವವನಿಗೆ ನಹ್ಹಾಮ್ ಎಂಬ ಹೆಸರಿತ್ತು. ಆ ಹಾಡನ್ನು ಸಾಕಿದ್ದು ವ್ಯಾಪಾರವೇ. ಕೊಲ್ಲಿಯ ಮುತ್ತು ಮುಂಬಯಿಯ ಪೇಟೆಗೆ ಬರುತ್ತಿತ್ತು, ಮಲಬಾರಿನ ತೇಗ ಕುವೈತಿನಲ್ಲಿ ಹಡಗಾಗುತ್ತಿತ್ತು, 1961ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದುದೂ ರೂಪಾಯಿಯೇ. ಜಪಾನಿನಲ್ಲಿ ಮಿಕಿಮೊಟೊ ಎಂಬವರು 1893ರಲ್ಲಿ ಆರಂಭಿಸಿದ ಮುತ್ತಿನ ಕೃಷಿ ಹಬ್ಬಿ, ಅದರ ಮೇಲೆ 1930ರ ದಶಕದ ಆರ್ಥಿಕ ಕುಸಿತವೂ ಬಂದೆರಗಿದಾಗ, ಕೊಲ್ಲಿಯ ಮುಳುಗುಗಾರರ ಕಸುಬು ನೆಲಕಚ್ಚಿತು. 1938ರಲ್ಲಿ ಕುವೈತಿನ ಬುರ್ಗಾನಿನಲ್ಲಿ ಎಣ್ಣೆ ಸಿಕ್ಕಿತು. 1946ರಲ್ಲಿ ಅದರ ರಫ್ತು ಆರಂಭವಾಯಿತು. ಮುತ್ತಿನ ಪೇಟೆಯನ್ನು ಕಸಿದುಕೊಂಡ ಜಪಾನೇ ಮುಂದೆ ಕೊಲ್ಲಿಯ ಎಣ್ಣೆಗೆ ದೊಡ್ಡ ಗಿರಾಕಿಯಾಯಿತು, ಹಾಡುಗಾರನ ಮೊಮ್ಮಗಳು ಕಲೆ ಓದಿದ್ದೂ ಟೋಕಿಯೊದಲ್ಲೇ. ಹಾಡು ನಂಟು ಬೆಳೆಸುತ್ತದೆ ಎಂಬ ತಮ್ಮ ಮಾತನ್ನು ನಾನು ಒಪ್ಪುತ್ತೇನೆ; ಆದರೆ ಹಡಗೇ ನಿಂತುಹೋದರೆ ಹಾಡುವುದಾದರೂ ಎಲ್ಲಿ?

ಇನ್ನು ಬಣ್ಣದ ಮಾತು. 2014ರ ‘ಏಲಿಯನ್ ಟೆಕ್ನಾಲಜಿ’ ಎಂಬ, ಬಿಟ್‌ನ ಆಕಾರದ ಆ ಶಿಲ್ಪ ಫೈಬರ್‌ಗ್ಲಾಸಿನದು. ಅದಕ್ಕೆ ಬಳಿದಿರುವುದು ಕಾರಿಗೆ ಹೊಡೆಯುವ ಪೇಂಟು. ನೋಡುವವರು ಒಂದು ಹೆಜ್ಜೆ ಸರಿದರೆ ಹಸಿರು ನೇರಳೆಯಾಗುತ್ತದೆ. ಮುತ್ತಿನ ಚಿಪ್ಪಿನ ಒಳಮೈಯಲ್ಲಿ ಹೊಳೆಯುವುದೂ, ಮಳೆ ಬಿಟ್ಟ ಮೇಲೆ ಪೆಟ್ರೋಲ್ ಬಂಕಿನ ಮುಂದೆ ನಿಂತ ನೀರಿನ ಮೇಲೆ ತೇಲುವುದೂ ಇದೇ ಬಣ್ಣ. ಎರಡೂ ಕಡೆ ತೆಳುಪದರಗಳ ಮೇಲೆ ಬಿದ್ದ ಬೆಳಕು ಹೀಗೆ ಬಣ್ಣಬಣ್ಣವಾಗುತ್ತದೆ. ಅಜ್ಜನ ಕಾಲಕ್ಕೂ ತನ್ನ ಕಾಲಕ್ಕೂ ನಡುವೆ ಕಡಿದುಬಿದ್ದ ಕೊಂಡಿಯನ್ನು ಆಕೆ ಈ ಒಂದು ಬಣ್ಣದಲ್ಲಿ ಹಿಡಿದಿದ್ದಾರೆ. ನನ್ನ ಮಟ್ಟಿಗೆ ಅದು ಕಲೆಯೇ ಸರಿ.

ಮಂಗಳೂರು, ಪಾದೂರುಗಳ ಬಂಡೆಯ ಒಡಲಲ್ಲಿ ದೇಶದ ಆಪತ್ಕಾಲಕ್ಕೆಂದು ಕಚ್ಚಾತೈಲವನ್ನು ತುಂಬಿಡಲಾಗಿದೆ. ಅದೇ ಕರಾವಳಿಯ ಎಷ್ಟೋ ಮನೆಗಳು ಕೊಲ್ಲಿಯ ಸಂಬಳದಿಂದ ಎದ್ದು ನಿಂತಿವೆ. ಆದ್ದರಿಂದಲೇ ಈ ಶಿಲ್ಪ ನಮ್ಮ ಓದುಗರಿಗೆ ದೂರದ್ದೆನಿಸಲಾರದು ಎಂದುಕೊಂಡು ಚಿತ್ರವನ್ನಷ್ಟೇ ಅಚ್ಚುಹಾಕಿದೆವು. ಅಜ್ಜನ ಸಂಗತಿಯನ್ನು ಅದರ ಕೆಳಗೆ ಎರಡು ಸಾಲಿನಲ್ಲಾದರೂ ಬರೆಯದೆ ಹೋದದ್ದು ನಮ್ಮ ತಪ್ಪು. ಅದಿಲ್ಲದೆ ತಮಗೆ ಬರಿಯ ‘ಬಿಟ್’ ಒಂದೇ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

– ಸಂಪಾದಕ