ನರ್ಸಿಂಗ್ ಮುಗಿಯುತ್ತಿದೆ: ಮೊದಲ ಕೆಲಸ ಕೊಡಗಿನಲ್ಲೇ ಹುಡುಕಲೋ, ಮೈಸೂರಿಗೆ ಹೊರಡಲೋ?

ಮಡಿಕೇರಿಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಕೊನೆಯ ಸೆಮಿಸ್ಟರ್, ಮುಗಿಯಲು ಮೂರು ತಿಂಗಳು ಬಾಕಿ. ಅನುಭವ ಇಲ್ಲದವರನ್ನು ಯಾರು ತೆಗೆದುಕೊಳ್ಳುತ್ತಾರೆ, ಊರಲ್ಲೇ ಇರಲೋ ಹೊರಗೆ ಹೋಗಲೋ ಎಂದು ಕೇಳಿದ್ದೀರಿ.

ತೆಗೆದುಕೊಳ್ಳುತ್ತಾರೆ, ಆ ಭಯ ಬೇಡ. ದೊಡ್ಡ ಆಸ್ಪತ್ರೆಗಳು ಪ್ರತಿ ವರ್ಷ ಹೊಸಬರನ್ನೇ ನಂಬಿಕೊಂಡು ವಾರ್ಡ್ ನಡೆಸುತ್ತವೆ. ನೀವು ಯೋಚಿಸಬೇಕಾದ್ದು ಬೇರೆ: ಮೊದಲ ಆರು ತಿಂಗಳು ರಾತ್ರಿ ಡ್ಯೂಟಿಯಲ್ಲಿ ನಿಮ್ಮ ಪಕ್ಕ ಯಾರಿರುತ್ತಾರೆ? ಸಂಬಳ, ಹಾಸ್ಟೆಲ್, ಆಸ್ಪತ್ರೆಯ ಹೆಸರು ಎಲ್ಲ ಅದರ ನಂತರ.

ಮೊದಲು ಕಾಗದಪತ್ರ. ಫಲಿತಾಂಶ ಬಂದು ಪ್ರೊವಿಷನಲ್ ಸರ್ಟಿಫಿಕೇಟ್ ಕೈಗೆ ಸಿಕ್ಕ ಕೂಡಲೇ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಿ. ನೋಂದಣಿ ಸಂಖ್ಯೆ ಇಲ್ಲದವರನ್ನು ಟ್ರೈನಿ ಅಂತ ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುತ್ತಾರೆ, ಮುಂದೆ ಆ ತಿಂಗಳುಗಳು ಅನುಭವದ ಲೆಕ್ಕಕ್ಕೆ ಬರದೇ ಹೋಗಬಹುದು. ಕೊಡಗಿನ ಮಕ್ಕಳು ಎಡವುವುದು ಹೆಸರಿನಲ್ಲಿ. ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿನಲ್ಲಿ ಮನೆತನದ ಹೆಸರು ಬರೀ ಇನಿಷಿಯಲ್ ಆಗಿರುತ್ತದೆ, ಆಧಾರ್‌ನಲ್ಲಿ ಅದೇ ಪೂರ್ತಿಯಾಗಿ ಹೆಸರಿಗಿಂತ ಮೊದಲು ಬಂದಿರುತ್ತದೆ, ಕಾಲೇಜಿನ ಅಂಕಪಟ್ಟಿಯಲ್ಲಿ ಕೊನೆಗೆ ಹೋಗಿರುತ್ತದೆ. ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಹತ್ತನೆಯದನ್ನೇ ಮೂಲ ಅಂತ ಇಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿಯ ತಿದ್ದುಪಡಿ ಕಾಲೇಜಿನ ಮೂಲಕವೇ ಆಗಬೇಕು, ಆದ್ದರಿಂದ ಕಾಲೇಜು ಬಿಡುವ ಮುಂಚೆ ಮುಗಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಿ ಅರ್ಜಿಯ ಕೊನೆಯ ದಿನದವರೆಗೆ ಕಾಯಬೇಡಿ.

ಊರೋ ಹೊರಗೋ ಅನ್ನುವುದಕ್ಕೆ ನನ್ನ ಉತ್ತರ ಸ್ಪಷ್ಟ: ಸಾಧ್ಯವಿದ್ದರೆ ಮೊದಲ ಒಂದೂವರೆ ಎರಡು ವರ್ಷ ಮೈಸೂರು ಅಥವಾ ಮಂಗಳೂರಿನ ದೊಡ್ಡ ಬೋಧನಾ ಆಸ್ಪತ್ರೆ. ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದಂಥ ಊರುಗಳ ಸಣ್ಣ ಆಸ್ಪತ್ರೆಗಳಲ್ಲಿ ಕೈ ಚೆನ್ನಾಗಿ ಪಳಗುತ್ತದೆ. ಒಂದೇ ಪಾಳಿಯಲ್ಲಿ ಹೆರಿಗೆ, ಗಾಯಕ್ಕೆ ಹೊಲಿಗೆ, ಹಾವು ಕಚ್ಚಿ ಬಂದವರು ಎಲ್ಲವನ್ನೂ ನೋಡುತ್ತೀರಿ. ಆದರೆ ರಾತ್ರಿ ಹೊತ್ತು ಸೀನಿಯರ್ ಇರುವುದು ಕಡಿಮೆ, ಡಾಕ್ಟರ್ ಫೋನಿನಲ್ಲಿರುತ್ತಾರೆ. ರೋಗಿ ಸೀರಿಯಸ್ ಆದರೆ ಆಂಬ್ಯುಲೆನ್ಸ್ ಮೈಸೂರಿನ ಕಡೆಗೋ ಮಂಗಳೂರಿನ ಕಡೆಗೋ ಹೊರಡುತ್ತದೆ. ಹಾಗಾಗಿ ವೆಂಟಿಲೇಟರ್ ಮೇಲಿರುವ ರೋಗಿಯನ್ನು ನೋಡಿಕೊಳ್ಳುವುದು ಇಲ್ಲಿ ಕಲಿಯಲು ಸಿಗುವುದು ಅಪರೂಪ. ಅದನ್ನು ಕಲಿತು ಊರಿಗೆ ಬರುವವರ ಬೆಲೆಯೇ ಬೇರೆ. ಮನೆಯ ಕಾರಣಕ್ಕೆ ಊರು ಬಿಡಲಾಗದಿದ್ದರೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಬೋಧನಾ ಆಸ್ಪತ್ರೆಯ ಗುತ್ತಿಗೆ ಹುದ್ದೆಗಳ ಪ್ರಕಟಣೆ ನೋಡುತ್ತಿರಿ.

ಬಯೋಡೇಟಾ ಒಂದು ಪುಟ ಸಾಕು. ‘ಶ್ರಮಜೀವಿ, ಪ್ರಾಮಾಣಿಕ’ ಅಂತೆಲ್ಲ ಬರೆಯುವ ಜಾಗದಲ್ಲಿ ಲಾಗ್‌ಬುಕ್ ತೆಗೆದು ಲೆಕ್ಕ ಬರೆಯಿರಿ: ಯಾವ ವಾರ್ಡಿನಲ್ಲಿ ಎಷ್ಟು ವಾರ, ಎಷ್ಟು ಹೆರಿಗೆ ನೋಡಿದ್ದು, ಎಷ್ಟು ಮಾಡಿಸಿದ್ದು, ಎಷ್ಟು ಕ್ಯಾತಿಟರ್ (ಮೂತ್ರದ ನಳಿಕೆ), ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆ) ಹಾಕಿದ್ದು. ಭಾಷೆಗಳನ್ನು ತಪ್ಪದೆ ಬರೆಯಿರಿ. ಕನ್ನಡದ ಜೊತೆ ಕೊಡವ, ಅರೆಭಾಷೆ, ಮಲಯಾಳಂ, ತೋಟದ ಕೆಲಸಕ್ಕೆ ಬರುವ ಅಸ್ಸಾಂ ಕಡೆಯವರ ಜೊತೆ ಮಾತಾಡುವಷ್ಟು ಹಿಂದಿ, ಇವೆಲ್ಲ ಕ್ಯಾಶುವಾಲ್ಟಿಯಲ್ಲಿ ದಿನವೂ ಬೇಕಾಗುವ ವಿದ್ಯೆ. ಆನ್‌ಲೈನ್‌ನಲ್ಲಿ ಕಳಿಸಿ ಸುಮ್ಮನಿರಬೇಡಿ. ಬೆಳಗಿನ ರೌಂಡ್ಸ್ ಮುಗಿದ ಮೇಲೆ, ಹನ್ನೊಂದರ ಹೊತ್ತಿಗೆ ಹೋಗಿ ನರ್ಸಿಂಗ್ ಸೂಪರಿಂಟೆಂಡೆಂಟ್ ಅವರನ್ನೇ ಕಾಣಿ.

ಸಂದರ್ಶನದಲ್ಲಿ ಥಿಯರಿಗಿಂತ ಡೋಸ್ ಲೆಕ್ಕಕ್ಕೆ ಹೆಚ್ಚಿನವರು ಬೀಳುತ್ತಾರೆ. 500 ಮಿ.ಲೀ. ನಾರ್ಮಲ್ ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಹಾಕುವ ನಳಿಕೆ ಮಿ.ಲೀ.ಗೆ 20 ಹನಿಯ ಸೆಟ್. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಇದು ಪೆನ್ನಿಲ್ಲದೆ ಬಾಯಲ್ಲಿ ಬರಬೇಕು. ಉತ್ತರ ಹೇಳುವ ಮುಂಚೆ ಸೆಟ್ ಎಷ್ಟು ಹನಿಯದು ಅಂತ ನೀವೇ ಕೇಳಿದರೆ ಎದುರು ಕೂತವರಿಗೆ ನಿಮ್ಮ ಮೇಲೆ ಭರವಸೆ ಹುಟ್ಟುತ್ತದೆ.

ಇನ್ಸುಲಿನ್ ಪ್ರಶ್ನೆಗೂ ಸಿದ್ಧವಾಗಿರಿ. ನಮ್ಮಲ್ಲಿ ಮಿ.ಲೀ.ಗೆ 40 ಯೂನಿಟ್ಟಿನ ವಯಲ್ (ಔಷಧಿಯ ಸಣ್ಣ ಬಾಟಲಿ) ಇದೆ, 100 ಯೂನಿಟ್ಟಿನದೂ ಇದೆ. ಸಿರಿಂಜೂ ಎರಡು ಬಗೆ: 40ಕ್ಕೆ ಕೆಂಪು ಕ್ಯಾಪ್, 100ಕ್ಕೆ ಕಿತ್ತಳೆ. 100ರ ವಯಲ್‌ನಿಂದ ಕೆಂಪು ಕ್ಯಾಪಿನ ಸಿರಿಂಜಿಗೆ, 10 ಯೂನಿಟ್ ಅಂದುಕೊಂಡು 10ರ ಗೆರೆಯವರೆಗೆ ಎಳೆದರೆ ಒಳಗೆ ಬಂದಿರುವುದು ಕಾಲು ಮಿ.ಲೀ., ಅಂದರೆ 25 ಯೂನಿಟ್. ನಿದ್ದೆಯಲ್ಲಿರುವ ರೋಗಿಯ ಸಕ್ಕರೆ ಇಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ, ಬೆಳಿಗ್ಗೆ ಎಬ್ಬಿಸಲು ಹೋದಾಗ ಏಳುವುದಿಲ್ಲ. ಕ್ಯಾಪ್ ತೆಗೆದಿಟ್ಟ ಮೇಲೆ ಬಣ್ಣ ನೋಡಲು ಸಿಗದು, ಹಾಗಾಗಿ ವಯಲ್ ಮತ್ತು ಸಿರಿಂಜಿನ ಮೇಲಿನ ಅಂಕಿಯನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬ ಸಿಸ್ಟರ್‌ಗೆ ತೋರಿಸಿ ಆಮೇಲೆ ಚುಚ್ಚಿ. ಪಕ್ಕದಲ್ಲಿ ಯಾರಿರುತ್ತಾರೆ ನೋಡಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ಪೊಟ್ಯಾಸಿಯಂ ಕ್ಲೋರೈಡನ್ನು ನೇರವಾಗಿ ರಕ್ತನಾಳಕ್ಕೆ ತಳ್ಳುವ ಹಾಗೇ ಇಲ್ಲ, ಸಲೈನ್‌ನಲ್ಲಿ ಬೆರೆಸಿಯೇ ಕೊಡಬೇಕು, ಇದನ್ನೂ ಕೇಳುತ್ತಾರೆ.

ಕೊನೆಗೆ ‘ಏನಾದರೂ ಕೇಳುವುದಿದೆಯಾ?’ ಅಂದಾಗ ಸುಮ್ಮನೆ ತಲೆ ಆಡಿಸಿ ಬರಬೇಡಿ. ಹೊಸಬರಿಗೆ ಎಷ್ಟು ವಾರ ಸೀನಿಯರ್ ಜೊತೆ ಡ್ಯೂಟಿ? ರಾತ್ರಿ ಒಬ್ಬರಿಗೆ ಎಷ್ಟು ರೋಗಿಗಳು? ಒಬ್ಬಳನ್ನೇ ಬಿಡುವುದು ಯಾವಾಗಿನಿಂದ? ‘ಎರಡನೇ ದಿನದಿಂದಲೇ’ ಅಂದರೆ ಸಂಬಳ ಎಷ್ಟೇ ಇರಲಿ, ಆ ಕೆಲಸ ಬೇಡ.

ಸಂಬಳದ ಅಂಕಿ ಹೇಳಿದಾಗ ಅದು ಪಿಎಫ್, ಊಟ, ಹಾಸ್ಟೆಲ್ ಕಳೆದ ಮೇಲಿನದೋ ಮೊದಲಿನದೋ ಕೇಳಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್ಐ (ನೌಕರರ ರಾಜ್ಯ ವಿಮೆ) ಅನ್ವಯಿಸುತ್ತದೆ, ಆ ನಂಬರ್ ಕೇಳಿ ಪಡೆಯಿರಿ. ಮೂಲ ಮಾರ್ಕ್ಸ್ ಕಾರ್ಡುಗಳನ್ನು ಅವರ ಎದುರೇ ತೋರಿಸಿ, ನಕಲು ಕೊಟ್ಟು, ಮೂಲವನ್ನು ವಾಪಸ್ ತನ್ನಿ. ‘ಬಾಂಡ್ ಮುಗಿಯುವವರೆಗೆ ನಮ್ಮ ಬೀರುವಿನಲ್ಲಿ ಭದ್ರವಾಗಿರುತ್ತೆ’ ಅಂದರೆ ಒಪ್ಪಬೇಡಿ. ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆಗೆ ಕರೆ ಬಂದ ದಿನ ಆ ಬೀರುವಿನ ಬೀಗ ತೆಗೆಯಲು ಯಾರೂ ಸಿಗುವುದಿಲ್ಲ.

ಸರ್ಕಾರಿ ಪರೀಕ್ಷೆಗಳನ್ನು ಕೆಲಸದ ಜೊತೆಗೇ ಬರೆಯಿರಿ. ಏಮ್ಸ್ ನಡೆಸುವ ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ ನಾರ್ಸೆಟ್‌ಗೆ ಬಿ.ಎಸ್ಸಿ. ಆದವರಿಗೆ ಅನುಭವದ ಅಗತ್ಯವಿಲ್ಲ, ಕೌನ್ಸಿಲ್ ನೋಂದಣಿ ಇದ್ದರಾಯಿತು. ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದ ಗೆಳತಿಯರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ 2 ವರ್ಷ ಅನುಭವ ಆಗಿರಬೇಕು, ಹಾಗಾಗಿ ಅನುಭವ ಪತ್ರದಲ್ಲಿ ಹಾಸಿಗೆಯ ಸಂಖ್ಯೆ ಬರೆಸಿಕೊಳ್ಳಲು ಅವರಿಗೆ ಹೇಳಿ.

ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿದೆಯಾ ನೋಡಿಕೊಳ್ಳಿ. 0, 1, 6 ತಿಂಗಳಿಗೆ ಮೂರು ಡೋಸ್, ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ ಪರೀಕ್ಷೆ (ಲಸಿಕೆಯಿಂದ ರಕ್ತದಲ್ಲಿ ರಕ್ಷಣೆ ಬಂದಿದೆಯಾ ಅಂತ ನೋಡುವುದು), ಅದರಲ್ಲಿ ಕನಿಷ್ಠ 10 (mIU/mL) ಬರಬೇಕು. ಇನ್ನೂ ಶುರುಮಾಡಿಲ್ಲದಿದ್ದರೆ ಈ ವಾರವೇ ಮೊದಲ ಡೋಸ್ ಹಾಕಿಸಿಕೊಳ್ಳಿ.